ರಿವಾಲ್ವರಿಗೆ ಹೊಂದಿಸುವ ಸೈಟ್

ಸ್ಥಿರ ಸೈಟಿನ ರಿವಾಲ್ವರಿನಲ್ಲಿ ಗುರಿಯ ಲೆಕ್ಕವನ್ನು ಕಾರ್ಖಾನೆಯೇ ಮುಗಿಸಿ ಕಳಿಸಿರುತ್ತದೆ. ನಳಿಕೆಯ ತುದಿಗೆ ಒಂದು ಏಣು, ಹಿಂದೆ ಒಂದು ಕಚ್ಚು, ಎರಡೂ ಕದಲವು. ಆ ಲೆಕ್ಕ ಒಂದು ತೂಕದ ಗುಂಡಿಗೆ, ಒಂದು ದೂರಕ್ಕೆ ಹಾಕಿದ್ದು. ಭಾರದ, ನಿಧಾನದ ಗುಂಡು ನಳಿಕೆ ದಾಟುವಷ್ಟರಲ್ಲಿ ಮೂತಿ ಹೆಚ್ಚು ಮೇಲೆದ್ದಿರುತ್ತದೆ. ಹಾಗಾಗಿ ಅದರ ಏಟು ಮೇಲೆ ಬೀಳುತ್ತದೆ, ಹಗುರ ಗುಂಡಿನದು ಕೆಳಗೆ.

ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಬ್ರಿಟನ್ನಿನ ವೆಬ್ಲಿ ಮಾದರಿಯದು. ನಡುವೆ ಮಡಚಿ ತೆರೆಯುತ್ತದೆ. ಇಂಥ ಮಾದರಿಯಲ್ಲಿ ಹಿಂದಿನ ಕಚ್ಚು ಇರುವುದು ಚೌಕಟ್ಟಿನ ಮೇಲಲ್ಲ, ನಳಿಕೆಯನ್ನು ಬಿಗಿಹಿಡಿಯುವ ಚಿಲಕದ ನೆತ್ತಿಯ ಮೇಲೆ. ಚಿಲಕ ಸವೆದರೆ ಸೈಟೂ ಅಲುಗುತ್ತದೆ. ತೋಟಾ ಕೂರುವ ಆರೂ ಮನೆ ಖಾಲಿ ಎಂದು ಕಣ್ಣಾರೆ ನೋಡಿ, ಮುಚ್ಚಿ, ನಳಿಕೆಯನ್ನು ಮೆಲ್ಲಗೆ ಮೇಲೆ ಕೆಳಗೆ ಒತ್ತಿದರೆ ಸಡಿಲ ಕೈಗೇ ತಿಳಿಯುತ್ತದೆ. ಈ ಲೇಖಕನ ಅನುಭವದಲ್ಲಿ, ಸೈಟಿನ ಮೇಲೆ ಹೊರಿಸುವ ದೂರುಗಳಲ್ಲಿ ಹಲವು ಚಿಲಕಕ್ಕೆ ಸೇರಿದವು. ಇನ್ನು ಕೆಲವು ಟ್ರಿಗರನ್ನು ಜಗ್ಗುವ ಬೆರಳಿಗೆ. ಅವೆರಡನ್ನೂ ನೋಡದೆ ಹೊಸ ಸೈಟಿಗೆ ಹಣ ಸುರಿಯಬಾರದು.

ದೋಷ ನಿಜಕ್ಕೂ ಸೈಟಿನದೇ ಆದರೆ ಲೆಕ್ಕ ಸುಲಭ. ಏಟು ತಪ್ಪಿದ ಅಳತೆಯನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. ಸೈಟುಗಳ ಅಂತರ 120 ಮಿ.ಮೀ., ದೂರ 10 ಮೀಟರ್, ಏಟು 80 ಮಿ.ಮೀ. ಕೆಳಗೆ ಎಂದಿಟ್ಟುಕೊಂಡರೆ ತಿದ್ದಬೇಕಾದದ್ದು 0.96 ಮಿ.ಮೀ. ಹಿಂದಿನ ಸೈಟನ್ನು ಅಷ್ಟು ಎತ್ತರಿಸಬೇಕು, ಇಲ್ಲವೇ ಮುಂದಿನದನ್ನು ಅರದಿಂದ ಅಷ್ಟು ತಗ್ಗಿಸಬೇಕು. ಒಂದೇ ಬಗೆಯ ತೋಟಾ ಬಳಸುವವರಿಗೆ ಈ ಎರಡನೆಯ ದಾರಿಯೇ ಸಾಕು. ಆದರೆ ಉಜ್ಜಿದ ಲೋಹ ಮರಳಿ ಬಾರದು. ಸ್ವಲ್ಪ ಉಜ್ಜಿ, ಹೊಡೆದು ನೋಡಿ, ಮತ್ತೆ ಉಜ್ಜಬೇಕು.

ಹೊಂದಿಸುವ ಹಿಂದಿನ ಸೈಟಿಗೆ ಎರಡು ಸ್ಕ್ರೂ: ಒಂದು ಎತ್ತರಕ್ಕೆ, ಇನ್ನೊಂದು ಎಡಬಲಕ್ಕೆ. ಇಡಿ ಚೌಕಟ್ಟಿನ ರಿವಾಲ್ವರಿನಲ್ಲಿ ಮೇಲ್ಪಟ್ಟಿ ಕೊರೆದು ಕೂರಿಸಬಹುದು. ಮಡಚುವ ಮಾದರಿಯ ತೆಳು ಚಿಲಕಕ್ಕೆ ಆ ಕೊರೆತ ಅಪಾಯ. ನಳಿಕೆಯನ್ನು ಮುಚ್ಚಿ ಹಿಡಿಯುವುದೇ ಅದರ ಕೆಲಸ. ಹೊಸ ಸೈಟ್ ಎತ್ತರದಲ್ಲಿ ಕೂರುವುದರಿಂದ ಮುಂದಿನ ಏಣನ್ನೂ ಎತ್ತರಿಸಬೇಕಾಗುತ್ತದೆ. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಹುಮನಾಬಾದಿನ ಯಾವ ಲೇತ್ ಅಂಗಡಿಗೂ ಇಂಥ ತುಂಡು ಕಡೆಯುವುದು ಕಷ್ಟವಲ್ಲ, ಆದರೆ ಅಲ್ಲಿಗೆ ಒಯ್ಯುವಂತಿಲ್ಲ. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕಿನ ದುರಸ್ತಿ, ಮಾರ್ಪಾಡು ಆ ಕೆಲಸದ ಲೈಸನ್ಸ್ ಇರುವವರಿಗೆ ಮಾತ್ರ. ಅಂಥವರನ್ನು ಹುಡುಕಿ ಹೊರಟರೆ ಬಸವಕಲ್ಯಾಣದವರಿಗೆ ಸೊಲ್ಲಾಪುರ, ಹುಮನಾಬಾದಿನವರಿಗೆ ಹೈದರಾಬಾದ್ ಹೆದ್ದಾರಿಯ ನೇರ ದಾರಿ. ಎರಡೂ ಬೇರೆ ರಾಜ್ಯ. ಲೈಸನ್ಸಿನಲ್ಲಿ ಯಾವ ಪ್ರದೇಶ ನಮೂದಾಗಿದೆ ಎಂದು ಓದದೆ ರಿವಾಲ್ವರ್ ಹಿಡಿದು ಗಡಿ ದಾಟಿದರೆ ಸೈಟ್ ಮಾಡಿಸಲು ಹೋದವರ ಮೇಲೆ ಪ್ರಕರಣ ದಾಖಲಾದೀತು. ಚುನಾವಣೆ ಹೊತ್ತಿಗೆ ಠಾಣೆಗೆ ಒಪ್ಪಿಸಲು ಆದೇಶ ಬರಬಹುದು. ಕೆಲಸಕ್ಕೆ ಕೊಡುವ ಕಾಲವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು.

ಪರೀಕ್ಷೆಗೆ ತೊಗರಿ ಹೊಲ ಸಲ್ಲದು, ಅನುಮತಿ ಇರುವ ರೇಂಜೇ ಆಗಬೇಕು. ಕೈಯನ್ನು ಮರಳಿನ ಚೀಲದ ಮೇಲೆ ಊರಿ, ದಿನವೂ ಬಳಸುವ ತೋಟಾದಿಂದಲೇ ಹೊಡೆದು, ಗುಂಪಿನ ನಡುಬಿಂದು ನೋಡಿ ತಿದ್ದಬೇಕು. ಒಂಟಿ ಏಟಿಗೆ ಸ್ಕ್ರೂ ತಿರುಗಿಸಬಾರದು. ಸರಿಹೊಂದಿದ ಮೇಲೆ ಸ್ಕ್ರೂ ತಲೆಯಿಂದ ಸೈಟಿನ ಮೈಗೆ ನೇಲ್ ಪಾಲಿಶ್‌ನ ಸಣ್ಣ ಗೆರೆ ಎಳೆದಿಟ್ಟರೆ, ಅದು ಅಲುಗಿದ ದಿನ ಕಣ್ಣಿಗೆ ಬೀಳುತ್ತದೆ.