ನಿದ್ದೆಗೆಟ್ಟು ಓದಿದರೆ ಲಾಭವೇ?

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದವರಿಗೆ ಒಂದು ಕಷ್ಟದ ಲೆಕ್ಕ ಬಿಡಿಸಲು ಕೊಟ್ಟು ನೋಡಿ. 'ಮೊದಲು ಎರಡು ತಾಸು ಮಲಗಲು ಬಿಡಿ' ಎನ್ನುತ್ತಾರೆ. ಅದು ಸಹಜ. ಆದರೆ ಅದೇ ಮನೆಯ ಎಸ್ಸೆಸ್ಸೆಲ್ಸಿ ಹುಡುಗ ರಾತ್ರಿ ಎರಡರವರೆಗೆ ಓದಿ, ಬೆಳಿಗ್ಗೆ ಗಣಿತದ ಪರೀಕ್ಷೆಗೆ ಹೊರಟರೆ 'ಪಾಪ, ಎಷ್ಟು ಕಷ್ಟಪಡುತ್ತಾನೆ' ಎಂದು ನಾವು ಹೆಮ್ಮೆಪಡುತ್ತೇವೆ. ದೊಡ್ಡವರ ಮಿದುಳಿಗೆ ಒಂದು ನ್ಯಾಯ, ಮಕ್ಕಳ ಮಿದುಳಿಗೆ ಇನ್ನೊಂದೇ?

ಓದಲು ಹೊತ್ತು ಸಾಲದೆಂದಾಗ ಎಲ್ಲರ ಕೈ ಮೊದಲು ಹೋಗುವುದು ನಿದ್ದೆಯ ಮೇಲೆ. ಈ ವ್ಯವಹಾರದಲ್ಲಿ ನಷ್ಟವೇ ಹೆಚ್ಚು.

ನಿದ್ದೆಯಲ್ಲಿ ನಡೆಯುವ ಕೆಲಸ

ನಾವು ಮಲಗಿದಾಗ ಮಿದುಳು ಸುಮ್ಮನಿರುವುದಿಲ್ಲ. ಹಗಲಿನಲ್ಲಿ ಕಲಿತದ್ದನ್ನು ಬಹುಕಾಲ ಉಳಿಯುವ ನೆನಪಾಗಿ ಗಟ್ಟಿಗೊಳಿಸುವ ಕೆಲಸ ಆಗ ನಡೆಯುತ್ತದೆ. 1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಮನೋವಿಜ್ಞಾನಿಗಳು ಪ್ರಯೋಗವೊಂದನ್ನು ಮಾಡಿದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಲಿತ ಬಳಿಕ ಎಚ್ಚರವಾಗಿದ್ದಾಗಿಗಿಂತ, ಅಷ್ಟೇ ಹೊತ್ತು ನಿದ್ದೆ ಮಾಡಿ ಎದ್ದಾಗ ಹೆಚ್ಚು ನೆನಪಿರುವುದು ಕಂಡುಬಂತು. ಆ ನಂತರದ ಅನೇಕ ಅಧ್ಯಯನಗಳೂ ಕಲಿಕೆಗೆ ನಿದ್ದೆ ಬೇಕೆಂಬುದನ್ನು ಎತ್ತಿ ಹಿಡಿದಿವೆ.

ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕೆಂಬುದು ತಜ್ಞರ ಸಲಹೆ. ನಿದ್ದೆ ಕಡಿಮೆಯಾದರೆ ಗಮನ ತಪ್ಪುತ್ತದೆ, ಸಿಟ್ಟು ಬೇಗ ಬರುತ್ತದೆ, ಗೊತ್ತಿರುವ ಉತ್ತರವೂ ಹೊತ್ತಿಗೆ ಹೊಳೆಯುವುದಿಲ್ಲ.

ನಿಮ್ಮ ದಿನದ ಲೆಕ್ಕ

'ನಮ್ಮ ಮಗುವಿಗೆ ಅಷ್ಟು ಹೊತ್ತು ಎಲ್ಲಿದೆ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪೇಟೆಯಲ್ಲಿ ಶಾಲೆಯ ಪಕ್ಕದಲ್ಲೇ ಮನೆಯಿರುವ ಮಗುವಿನ ವೇಳಾಪಟ್ಟಿ ಜೋಯಿಡಾದ ಕಾಡಿನ ನಡುವಿನ ಹಳ್ಳಿಯಿಂದ ಬರುವ ಮಗುವಿಗೆ ಹೊಂದುವುದಿಲ್ಲ. ಕಾಲ್ನಡಿಗೆ, ಬಸ್ಸಿಗಾಗಿ ಕಾಯುವುದು, ಮನೆಗೆಲಸ ಎಲ್ಲವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಅಂಥ ಒಬ್ಬ ಹುಡುಗಿಯ ದಿನವನ್ನು ಊಹಿಸಿಕೊಳ್ಳಿ:

ಬೆಳಿಗ್ಗೆ 5.30 – ಏಳುವುದು, ಮುಖ ತೊಳೆಯುವುದು
6ರಿಂದ 7 – ಓದು
7ರಿಂದ 8 – ಸ್ನಾನ, ತಿಂಡಿ, ಮನೆಗೆಲಸ
8ರಿಂದ 9.30 – ನಡಿಗೆ ಮತ್ತು ಬಸ್ಸು
9.30ರಿಂದ 4.30 – ಶಾಲೆ
4.30ರಿಂದ 6 – ಮರಳಿ ಮನೆಗೆ
6ರಿಂದ 7 – ವಿಶ್ರಾಂತಿ, ಉಪಾಹಾರ, ಆಟ ಅಥವಾ ಕೆಲಸ
7ರಿಂದ 8.15 – ಓದು
8.15ರಿಂದ 8.45 – ಊಟ
8.45ರಿಂದ 9.30 – ಓದು
9.30 – ನಿದ್ದೆ

ಎಂಟು ತಾಸು ನಿದ್ದೆಯನ್ನು ಮುಟ್ಟದೆಯೂ ಇಲ್ಲಿ ಮೂರು ತಾಸು ಓದು ಸಿಕ್ಕಿದೆ. ಪೇಟೆಯ ಮಗುವಿಗಿಂತ ಇದು ಕಡಿಮೆ ಇರಬಹುದು. ಅದು ಈ ಹುಡುಗಿಯ ತಪ್ಪಲ್ಲ. ಇರುವ ಮೂರು ತಾಸನ್ನು ಹೇಗೆ ಬಳಸಬೇಕೆಂಬುದೇ ಮುಖ್ಯ. ನೀವೂ ಒಂದು ವಾರ ನಿಮ್ಮ ದಿನಚರಿಯನ್ನು ಬರೆದಿಟ್ಟು, ಇಂಥದೇ ಪಟ್ಟಿ ತಯಾರಿಸಿಕೊಳ್ಳಿ. ಹಳಿಯಾಳದ ಕಡೆ ಭತ್ತದ ಕೊಯ್ಲಿನ ಹೊತ್ತಿಗೆ ಮಕ್ಕಳೂ ಗದ್ದೆಗೆ ಹೋಗುವ ಮನೆಗಳಿವೆ. ಆ ವಾರಗಳ ಪಟ್ಟಿಯನ್ನು ಮೊದಲೇ ಹಗುರ ಮಾಡಿಕೊಳ್ಳುವುದು ಜಾಣತನ.

ಕಡಿಮೆ ಹೊತ್ತು, ಹೆಚ್ಚು ನೆನಪು

1. ಹಂಚಿ ಓದಿ. ಕಲಿತದ್ದು ಮೊದಲ ಕೆಲವು ತಾಸುಗಳಲ್ಲೇ ವೇಗವಾಗಿ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದರು. ಆದುದರಿಂದ ಒಂದು ಪಾಠವನ್ನು ಒಂದೇ ಸಲ ಮೂರು ತಾಸು ಓದುವ ಬದಲು ಆ ದಿನವೇ ಒಮ್ಮೆ, ಮರುದಿನ ಒಮ್ಮೆ, ವಾರದ ನಂತರ ಒಮ್ಮೆ, ತಿಂಗಳಿಗೊಮ್ಮೆ ನೋಡಿ.

2. ಪುಸ್ತಕ ಮುಚ್ಚಿ ಕೇಳಿಕೊಳ್ಳಿ. ಮತ್ತೆ ಮತ್ತೆ ಓದಿದಾಗ ಎಲ್ಲ ಗೊತ್ತಿದೆಯೆಂಬ ಭ್ರಮೆ ಹುಟ್ಟುತ್ತದೆ. ಪುಸ್ತಕ ಮುಚ್ಚಿ ಬರೆದಾಗ ಗೊತ್ತಿಲ್ಲದ್ದು ಬಯಲಾಗುತ್ತದೆ. ಮುಂಡಗೋಡಿನ ಟಿಬೆಟನ್ ಕ್ಯಾಂಪಿಗೆ ಹೋದವರು ಡ್ರೆಪುಂಗ್, ಗಾಂದೆನ್ ಮಠಗಳ ಅಂಗಳದಲ್ಲಿ ಭಿಕ್ಷುಗಳು ವಾದ ಮಾಡುವುದನ್ನು ನೋಡಿರಬಹುದು. ಒಬ್ಬರು ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆ ಹಾಕುತ್ತಾರೆ, ಕುಳಿತವರು ಉತ್ತರಿಸಬೇಕು. ಕಲಿತದ್ದನ್ನು ಪರೀಕ್ಷಿಸಿಕೊಳ್ಳುವ ಒಳ್ಳೆಯ ದಾರಿಯಿದು. ಇಬ್ಬರು ಗೆಳತಿಯರು ಬಸ್ಸಿನಲ್ಲೂ ಹೀಗೆ ಮಾಡಬಹುದು. ತಿರುವು ರಸ್ತೆಯಲ್ಲಿ ಪುಸ್ತಕ ಹಿಡಿದರೆ ಹೊಟ್ಟೆ ತೊಳಸೀತು. ಪ್ರಶ್ನೆ ಕೇಳಿಕೊಳ್ಳಲು ಆ ತೊಂದರೆಯಿಲ್ಲ.

3. ಕಷ್ಟದ ವಿಷಯ ಮೊದಲು. ಮನಸ್ಸು ತಾಜಾ ಇರುವಾಗ ಗಣಿತ, ವಿಜ್ಞಾನ. ದಣಿದಾಗ ಹಳೆಯ ಪಾಠದ ಪುನರಾವರ್ತನೆ. ಸುಮಾರು ನಲವತ್ತು ನಿಮಿಷಕ್ಕೊಮ್ಮೆ ಐದು ನಿಮಿಷ ಎದ್ದು ಓಡಾಡಿ.

4. ಬರೆದು ಅಭ್ಯಾಸ ಮಾಡಿ. ಮನೆಯಲ್ಲಿ ಮರಾಠಿ, ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡದಲ್ಲಿ ಕಲಿಯುವ ಮಕ್ಕಳು ಈ ಭಾಗದಲ್ಲಿ ಬಹಳ. ಅರ್ಥವಾಗಿದ್ದರೂ ಉತ್ತರ ಬರೆಯುವಾಗ ಪದಕ್ಕಾಗಿ ತಡಕಾಡುವವರಿಗೆ ದಿನಕ್ಕೊಂದು ಉತ್ತರ ಬರೆಯುವುದು ತುಂಬ ಉಪಯುಕ್ತ.

5. ಭಾನುವಾರ ಒಂದೆರಡು ತಾಸು ಖಾಲಿ ಬಿಡಿ. ಕರೆಂಟು ಹೋಗಿಯೋ, ನೆಂಟರು ಬಂದೋ ತಪ್ಪಿಹೋದ ಪಾಠಕ್ಕೆ ಆ ಹೊತ್ತು ಬೇಕಾಗುತ್ತದೆ.

ಹೆತ್ತವರಿಗೆ

ರಾತ್ರಿ ಎಚ್ಚರವಿರಲೆಂದು ಮಕ್ಕಳಿಗೆ ಚಹಾ ಕುಡಿಸಬೇಡಿ. ಸಂಜೆ ಏಳಕ್ಕೆ ಕುಡಿದ ಚಹಾದಲ್ಲಿನ ಕೆಫೀನಿನ ಅರ್ಧದಷ್ಟು ಮಧ್ಯರಾತ್ರಿಯಲ್ಲೂ ದೇಹದಲ್ಲಿ ಉಳಿದಿರಬಹುದು. ಮಲಗುವ ಒಂದು ತಾಸು ಮೊದಲೇ ಮೊಬೈಲು ದೊಡ್ಡವರ ಕೈಗೆ ಬರಲಿ. ಆ ಹೊತ್ತಿನಲ್ಲಿ ದೊಡ್ಡವರೂ ಟಿ.ವಿ. ಆರಿಸಲಿ. ಬೆಳಗಿನ ತಿಂಡಿ ತಪ್ಪಿಸಬೇಡಿ. ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಬೇಡಿ.

ಓದಲು ಕುಳಿತರೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಎನ್ನುವ ಮಗುವನ್ನು ಸೋಮಾರಿ ಎಂದು ಬಯ್ಯುವ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹದಿಹರೆಯದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯದಂತೆ ತಿಳಿಹೇಳಿ.

ಎರಡು ವಾರಕ್ಕೂ ಹೆಚ್ಚು ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಮಗು ಮಾತು ಬಿಟ್ಟರೆ ವೈದ್ಯರನ್ನು ಕಾಣಿ. 'ಬದುಕಿದ್ದು ಏನು ಪ್ರಯೋಜನ' ಎಂಬಂಥ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಒಂದು ಪರೀಕ್ಷೆ ಕೈಕೊಟ್ಟರೆ ಮತ್ತೆ ಬರೆಯಲು ಅವಕಾಶವಿದೆ ಎಂಬುದನ್ನು ಫಲಿತಾಂಶ ಬರುವ ಮೊದಲೇ ಮಗುವಿಗೆ ಹೇಳಿಡಿ.

ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಪಾಠ ಬೇಡ. ಪ್ರವೇಶಪತ್ರ, ಪೆನ್ನು ಜೋಡಿಸಿಟ್ಟು, ಊಟ ಮಾಡಿ, ಒಂಬತ್ತೂವರೆಗೆ ದೀಪ ಆರಿಸಿ. ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಓದಿದ್ದು ಆ ಒಂದು ರಾತ್ರಿಯ ನಿದ್ದೆಯಿಂದ ಎಲ್ಲಿಯೂ ಓಡಿಹೋಗುವುದಿಲ್ಲ. ಬೆಳಿಗ್ಗೆ ಕೇಳಿದೊಡನೆ ಕೈಗೆ ಸಿಗುತ್ತದೆ.