ಮೊಳೆಯಿಲ್ಲದ ಹಾಯಿಹಡಗು: ಭಾರ, ಸಮತೋಲ ಮತ್ತು ರಕ್ಷಣೆ

ಹಾಯಿಹಡಗಿನ ಸುರಕ್ಷತೆಯು ಬಹುಮಟ್ಟಿಗೆ ನೀರಿನಡಿಯ ಭಾಗವನ್ನು ಅವಲಂಬಿಸಿದೆ. ಗಾಳಿಯು ಹಡಗನ್ನು ಮುಂದಕ್ಕೆ ಒಯ್ಯುವುದಲ್ಲದೆ ಪಕ್ಕಕ್ಕೂ ಬಾಗಿಸುತ್ತದೆ. ಬಾಗಿದ ಹಡಗು ಮತ್ತೆ ನೆಟ್ಟಗಾಗಲು ಅದರ ತಳದಲ್ಲಿ ಕಲ್ಲು, ಕಬ್ಬಿಣ ಅಥವಾ ಸೀಸದ ಭಾರವನ್ನು ಇರಿಸುತ್ತಾರೆ. ಈ ಅಡಿಭಾರ ಕಡಿಮೆಯಾದರೆ ಹಡಗು ಮಗುಚಬಹುದು. ಅತಿಯಾದರೆ ನೀರಿನಲ್ಲಿ ಆಳಕ್ಕಿಳಿದು ವೇಗ ಕುಂದುತ್ತದೆ. ಭಾರದ ಹಂಚಿಕೆಯೂ ಅಷ್ಟೇ ಮುಖ್ಯ. ಮುಂಭಾಗ ತೂಕವಾದರೆ ಹಡಗು ಅಲೆಯೊಳಗೆ ನುಗ್ಗುತ್ತದೆ, ಚುಕ್ಕಾಣಿಯ ಹಿಡಿತ ಸಡಿಲವಾಗುತ್ತದೆ.

ಈ ತತ್ತ್ವಗಳಿಗೆ ಇತ್ತೀಚಿನ ಉತ್ತಮ ನಿದರ್ಶನ ಐ.ಎನ್.ಎಸ್.ವಿ. ಕೌಂಡಿನ್ಯ. ಅಜಂತಾ ಗುಹೆಯ ಚಿತ್ರವೊಂದನ್ನು ಆಧರಿಸಿ, ಐದನೆಯ ಶತಮಾನದ ಹಡಗಿನ ಮಾದರಿಯಲ್ಲಿ ಇದನ್ನು ರೂಪಿಸಲಾಯಿತು. ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ ಮತ್ತು ಗೋವಾದ ಹೋಡಿ ಇನ್ನೊವೇಷನ್ಸ್ ಸಂಸ್ಥೆ 2023ರ ಜುಲೈನಲ್ಲಿ ಈ ಕುರಿತು ಒಪ್ಪಂದ ಮಾಡಿಕೊಂಡವು. ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕೇರಳದ ಕುಶಲಕರ್ಮಿಗಳು ಹಡಗನ್ನು ಕಟ್ಟಿದರು.

ಆದರೆ ಚಿತ್ರದಲ್ಲಿ ಹಡಗಿನ ಹೊರರೂಪ ಮಾತ್ರ ಕಾಣುತ್ತದೆ. ಅದರ ಅಳತೆಯಾಗಲಿ, ನೀರಿನಲ್ಲಿ ಅದು ಹೇಗೆ ನಿಲ್ಲುತ್ತದೆ ಎಂಬುದಾಗಲಿ ತಿಳಿಯುವುದಿಲ್ಲ. ಊಹೆ ತಪ್ಪಿದರೆ ನಾವಿಕರ ಪ್ರಾಣಕ್ಕೇ ಅಪಾಯ. ಆದ್ದರಿಂದ ಚೆನ್ನೈನಲ್ಲಿರುವ ಮದ್ರಾಸ್ ಐ.ಐ.ಟಿ.ಯ ಸಾಗರ ಎಂಜಿನಿಯರಿಂಗ್ ವಿಭಾಗದ ನೆರವಿನಿಂದ ಪ್ರತಿಕೃತಿ ಪರೀಕ್ಷೆ ನಡೆಸಲಾಯಿತು. ಇಂತಹ ಪರೀಕ್ಷೆಯಲ್ಲಿ ಸಣ್ಣ ಪ್ರತಿಕೃತಿಯನ್ನು ನೀರಿನ ತೊಟ್ಟಿಯಲ್ಲಿ ಚಲಿಸಿ, ನೀರಿನ ಎಳೆತ ಹಾಗೂ ಹೊಯ್ದಾಟವನ್ನು ಅಳೆದು, ನಿಜವಾದ ಹಡಗಿನ ವರ್ತನೆಯನ್ನು ಲೆಕ್ಕ ಹಾಕುತ್ತಾರೆ.

ಸಮುದ್ರಯಾನದಲ್ಲಿ ಇನ್ನೊಂದು ಶತ್ರು ತುಕ್ಕು. ಉಪ್ಪುನೀರು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಉಕ್ಕಿನ ಹಡಗುಗಳಿಗೆ ಬಣ್ಣ ಬಳಿಯುವುದಲ್ಲದೆ ಸತುವಿನ ತುಂಡುಗಳನ್ನೂ ಜೋಡಿಸುತ್ತಾರೆ. ಸತು ತಾನು ಮೊದಲು ಸವೆದು ಉಕ್ಕನ್ನು ಕಾಪಾಡುತ್ತದೆ. ಕೌಂಡಿನ್ಯದ ಉಪಾಯ ಬೇರೆ. ಇದರ ಹಲಗೆಗಳನ್ನು ಜೋಡಿಸಲು ಮೊಳೆಗಳನ್ನು ಬಳಸಿಲ್ಲ. ಅವುಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದುಗಳಿಗೆ ನಾರು ಮತ್ತು ನೈಸರ್ಗಿಕ ರಾಳ ತುಂಬಲಾಗಿದೆ. ತುಕ್ಕು ಹಿಡಿಯುವ ಮೊಳೆಗಳೇ ಇಲ್ಲದ ಈ ಹೊಲಿಗೆಯು ಅಲೆಯ ಹೊಡೆತಕ್ಕೆ ಒಡೆಯದೆ ತುಸು ಬಳುಕುತ್ತದೆ. ಆದರೂ ಮರಕ್ಕೆ ಕೊರೆಹುಳುವಿನ ಭಯ, ಹಗ್ಗಕ್ಕೆ ಸವೆತದ ಭಯ ಇದ್ದೇ ಇರುವುದರಿಂದ ನಿರಂತರ ನಿಗಾ ಅವಶ್ಯಕ.

2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ, ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಮಸ್ಕತ್ ತಲುಪಿತು. ಕುಶಲಕರ್ಮಿಯ ಕೈಯನುಭವಕ್ಕೆ ಪ್ರಯೋಗಾಲಯದ ಲೆಕ್ಕಾಚಾರ ಜೊತೆಗೂಡಿದುದರ ಫಲವಿದು.