ಉಪ್ಪು, ಸೊಪ್ಪು ಮತ್ತು ಬಿ.ಪಿ.

ಪ್ರಶ್ನೆ: ನನಗೆ 46 ವರ್ಷ. ಬಿ.ಪಿ. 150/96 ಇದೆ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ಮೇಲೆ ಪುಡಿ ಉಪ್ಪು ಬಿಟ್ಟು ಸೈಂಧವ ಲವಣ ಬಳಸುತ್ತಿದ್ದೇನೆ. ಊಟಕ್ಕೆ ಕೂತಾಗ ಮೇಲುಪ್ಪು ಹಾಕಿಕೊಳ್ಳುವುದಿಲ್ಲ. ಆದರೂ ಬಿ.ಪಿ. ಇಳಿದಿಲ್ಲ. ಯಾಕೆ?
– ಗೃಹಿಣಿ, ತಿಪಟೂರು

ಉತ್ತರ: ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬಣ್ಣ ಕೊಡುವ ಖನಿಜಗಳು ಅದರಲ್ಲಿ ಎಷ್ಟು ಅಲ್ಪವೆಂದರೆ ರಕ್ತದೊತ್ತಡದ ಲೆಕ್ಕಕ್ಕೇ ಬರುವುದಿಲ್ಲ. ಕಲ್ಲುಪ್ಪಾಗಲಿ, ಗೋಕರ್ಣದ ಬಳಿಯ ಸಾಣಿಕಟ್ಟಾದ ಗದ್ದೆಯಲ್ಲಿ ಬೆಳೆದ ಉಪ್ಪಾಗಲಿ, ನಿಮ್ಮ ರಕ್ತನಾಳಕ್ಕೆ ಎಲ್ಲ ಒಂದೇ. ಮೇಲಾಗಿ ಅಯೋಡಿನ್ ಸೇರಿಸದ ಉಪ್ಪನ್ನೇ ಮನೆಮಂದಿಯೆಲ್ಲ ತಿಂದರೆ ಥೈರಾಯ್ಡ್‌ಗೆ ಬೇಕಾದದ್ದು ಸಿಗದೆ ಹೋಗಬಹುದು. ನೀವು ಬದಲಿಸಿದ್ದು ಉಪ್ಪಿನ ಜಾತಿಯನ್ನು, ಬದಲಿಸಬೇಕಾದದ್ದು ಅಳತೆಯನ್ನು.

ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಿಗೆ ಎಷ್ಟು, ಪಲ್ಯಕ್ಕೆ ಎಷ್ಟು ಎಂದು ದಿನವೂ ತೂಗಲು ಯಾರಿಗೂ ಆಗದು. ಹೀಗೆ ಮಾಡಿ: ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನ ದೊಡ್ಡವರ ಮನೆಯಲ್ಲಿ ಒಂದು ಕಿಲೋ ಉಪ್ಪು ಕನಿಷ್ಠ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ ಬಿಸ್ಕತ್ತು ಕೂಡ ಆ 5 ಗ್ರಾಮಿನೊಳಗೇ ಸೇರುವುದರಿಂದ ನಿಜಕ್ಕೂ ಇನ್ನೂ ಹೆಚ್ಚು ದಿನ ಬರಬೇಕು. ಬಹಳ ಮನೆಗಳಲ್ಲಿ ಅದು ತಿಂಗಳು ತುಂಬುವ ಮೊದಲೇ ಮುಗಿಯುತ್ತದೆ. ಪಶ್ಚಿಮದ ದೇಶಗಳಲ್ಲಿ ಉಪ್ಪು ಬರುವುದು ಮುಖ್ಯವಾಗಿ ಬ್ರೆಡ್ಡು, ಸಂಸ್ಕರಿಸಿದ ಮಾಂಸ, ಡಬ್ಬಿಯ ಆಹಾರಗಳಿಂದ. ನಮ್ಮಲ್ಲಿ ಹೆಚ್ಚಿನದು ಒಲೆಯ ಪಕ್ಕದ ಡಬ್ಬಿಯಿಂದಲೇ. ಅಂದರೆ ಕಡಿಮೆ ಮಾಡುವ ಅಧಿಕಾರವೂ ನಮ್ಮ ಕೈಯಲ್ಲೇ ಇದೆ, ಇದು ಸಣ್ಣ ಮಾತಲ್ಲ.

ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ಮನೆಯವರು ತಟ್ಟೆ ತಳ್ಳುತ್ತಾರೆ. ವಾರವಾರವೂ ಸ್ವಲ್ಪಸ್ವಲ್ಪ ತಗ್ಗಿಸಿ, ನಿಂಬೆಹಣ್ಣು, ಹುಣಸೆ, ಒಗ್ಗರಣೆಗಳನ್ನು ಮುಂದೆ ಬಿಡಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ದಿನಕ್ಕೆ ನಾಲ್ಕೈದು ಗ್ರಾಂ ಕಡಿಮೆಯಾದರೆ ಬಿ.ಪಿ. ಇರುವವರಲ್ಲಿ ಮೇಲಿನ ಅಂಕಿ ಸರಾಸರಿ 5ರಷ್ಟು ಇಳಿಯುತ್ತದೆ. ನಿಮ್ಮ 150ಕ್ಕೆ ಅದೊಂದೇ ಸಾಲದು. ಡಾಕ್ಟರು ಮಾತ್ರೆ ಬರೆದರೆ ಬೇಡವೆನ್ನಬೇಡಿ.

ಪ್ರಶ್ನೆ: ಬಿ.ಪಿ.ಗೆ ಪೊಟ್ಯಾಸಿಯಂ ಒಳ್ಳೆಯದು, ಬಾಳೆಹಣ್ಣು ತಿನ್ನಿ ಎನ್ನುತ್ತಾರೆ. ನನಗೆ ಸಕ್ಕರೆ ಕಾಯಿಲೆಯೂ ಸ್ವಲ್ಪ ಇದೆ. ಬಾಳೆಹಣ್ಣು ಬಿಟ್ಟರೆ ಬೇರೆ ದಾರಿ ಇಲ್ಲವೇ? ಪೊಟ್ಯಾಸಿಯಂ ಮಾಡುವುದಾದರೂ ಏನು?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಸೋಡಿಯಂ ಮೈಯಲ್ಲಿ ಉಳಿದರೆ ಜೊತೆಗೆ ನೀರೂ ಉಳಿಯುತ್ತದೆ; ರಕ್ತದ ಗಾತ್ರ ಹೆಚ್ಚಿ ಒತ್ತಡ ಏರುತ್ತದೆ. ಎಷ್ಟು ಸೋಡಿಯಂ ಇಟ್ಟುಕೊಳ್ಳಬೇಕು, ಎಷ್ಟು ಹೊರಹಾಕಬೇಕು ಎಂದು ತೀರ್ಮಾನಿಸುವುದು ಕಿಡ್ನಿ. ಊಟದಲ್ಲಿ ಪೊಟ್ಯಾಸಿಯಂ ಕಡಿಮೆಯಾದಾಗ ಕಿಡ್ನಿಯ ಸೂಕ್ಷ್ಮ ನಾಳಗಳು ಪೊಟ್ಯಾಸಿಯಂ ಉಳಿಸಿಕೊಳ್ಳುವ ಆತುರದಲ್ಲಿ ಸೋಡಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಪೊಟ್ಯಾಸಿಯಂ ಧಾರಾಳವಾಗಿ ಬಂದರೆ ಆ ಹಿಡಿತ ಸಡಿಲಗೊಂಡು ಸೋಡಿಯಂ ಮೂತ್ರದಲ್ಲಿ ಹೋಗುತ್ತದೆ, ರಕ್ತನಾಳದ ಗೋಡೆಗಳೂ ಸಡಿಲುತ್ತವೆ. ಹಾಗಾಗಿ ಉಪ್ಪು ತಿನ್ನುವವನು ಸೊಪ್ಪು ತಿನ್ನದಿದ್ದರೆ ಅವನಿಗೆ ಎರಡು ಕಡೆಯಿಂದಲೂ ಪೆಟ್ಟು. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಡ್ಯಾಶ್ ಅಧ್ಯಯನದಲ್ಲಿ ಉಪ್ಪಿನ ಪ್ರಮಾಣ ಬದಲಿಸದೆ ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲು ಮೊಸರು ಹೆಚ್ಚಿಸಿದ್ದಕ್ಕೇ ಬಿ.ಪಿ. ಇಳಿಯಿತು. 2001ರ ಮುಂದಿನ ಅಧ್ಯಯನದಲ್ಲಿ ಉಪ್ಪನ್ನೂ ತಗ್ಗಿಸಿದಾಗ ಇನ್ನಷ್ಟು ಇಳಿಯಿತು.

ದಿನಕ್ಕೆ ಸುಮಾರು 3,500 ಮಿಲಿಗ್ರಾಂ ಪೊಟ್ಯಾಸಿಯಂ ಬೇಕು. ಬಾಳೆಹಣ್ಣಿಗೆ ಹೆಸರು ಹೆಚ್ಚು, ಆದರೆ ಒಂದು ಹಣ್ಣಿನಲ್ಲಿ ಸಿಗುವುದು 300–400 ಮಿಲಿಗ್ರಾಂ. 100 ಗ್ರಾಂ ಹುರುಳಿಕಾಳಿನಲ್ಲಿ ಸಾವಿರ ಮಿಲಿಗ್ರಾಂ ದಾಟುತ್ತದೆ, ತೊಗರಿಬೇಳೆಯಲ್ಲಿ ಅದಕ್ಕಿಂತಲೂ ಹೆಚ್ಚು. ರಾಗಿ, ನುಗ್ಗೆಸೊಪ್ಪು, ದಂಟು, ಎಳನೀರು ಎಲ್ಲದರಲ್ಲೂ ಇದೆ. ಬೇಯಿಸಿದಾಗ ಪೊಟ್ಯಾಸಿಯಂ ನೀರಿಗಿಳಿಯುತ್ತದೆ. ಕಾಳು ಸೊಪ್ಪು ಬೇಯಿಸಿದ ನೀರು ಚೆಲ್ಲದೆ ಅದರಿಂದಲೇ ಬಸ್ಸಾರು ಮಾಡುವ ನಿಮ್ಮ ಸೀಮೆಯ ಅಡುಗೆಯಲ್ಲಿ ಅದು ಪೂರ್ತಿಯಾಗಿ ತಟ್ಟೆಗೇ ಬರುತ್ತದೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಕ್ಕದಲ್ಲಿ ಪಲ್ಯ: ಬಿ.ಪಿ.ಗೆ ಇದಕ್ಕಿಂತ ಒಳ್ಳೆಯ ಊಟವನ್ನು ನಾನು ಹೇಳಲಾರೆ, ಸಾರಿನ ಉಪ್ಪು ಹಿಡಿತದಲ್ಲಿದ್ದರೆ. ಸಕ್ಕರೆ ಕಾಯಿಲೆ ಇರುವುದರಿಂದ ಕಿಡ್ನಿ ಚೆನ್ನಾಗಿದೆಯೇ ಎಂದು ಮೊದಲು ನೋಡಿಸಿಕೊಳ್ಳಿ. ಕಾರಣ ಕೊನೆಯ ಉತ್ತರದಲ್ಲಿದೆ.

ಪ್ರಶ್ನೆ: ಅಪ್ಪ ಹೊಲದಲ್ಲಿ ದುಡಿಯುತ್ತಾರೆ, ಬಿ.ಪಿ. ಮಾತ್ರೆ ನುಂಗುತ್ತಾರೆ. ಬೆವರಲ್ಲಿ ಉಪ್ಪು ಹೋಗುತ್ತದೆ, ಹೆಚ್ಚು ತಿನ್ನಬೇಕು ಎನ್ನುತ್ತಾರೆ. ಸರಿಯೇ?
– ಕಲಬುರಗಿ ಜಿಲ್ಲೆಯ ಓದುಗ

ಉತ್ತರ: ದಿನವೂ ಬಿಸಿಲಲ್ಲಿ ದುಡಿಯುವ ಮೈ ಕೆಲವೇ ದಿನಗಳಲ್ಲಿ ಬೆವರಿನ ಉಪ್ಪನ್ನು ಕಡಿಮೆ ಮಾಡಿಕೊಳ್ಳುತ್ತದೆ. ಮಾಮೂಲು ಊಟದ ಉಪ್ಪೇ ಸಾಕು. ತಾಸುಗಟ್ಟಲೆ ಬೆವರಿದ ದಿನ ಚಿಟಿಕೆ ಉಪ್ಪಿನ ಮಜ್ಜಿಗೆ ಕುಡಿಯಲಿ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬೇಸಿಗೆಗೆ ಮುಂಚೆ ಡಾಕ್ಟರಿಗೆ ತಿಳಿಸಿ. ತಲೆ ಸುತ್ತಿ ಬಂದರೆ, ಮಾತು ತಡವರಿಸಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ತಂದೆಗೆ 70. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಬಿ.ಪಿ.ಗೆ ಟೆಲ್ಮಿಸಾರ್ಟಾನ್. ಸೋಡಿಯಂ ಕಡಿಮೆ ಇರುವ ಉಪ್ಪು ಅಂಗಡಿಯಲ್ಲಿ ಸಿಗುತ್ತಿದೆ. ಇಡೀ ಮನೆಗೆ ಅದನ್ನೇ ತರಬಹುದೇ?
– ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಈಗಲೇ ತರಬೇಡಿ. ಆ ಉಪ್ಪಿನಲ್ಲಿ ಸೋಡಿಯಮ್ಮಿನ ಒಂದು ಭಾಗದ ಬದಲು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಅದು ಒಳ್ಳೆಯ ವಸ್ತುವೇ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು, ಸಾವು ಶೇ 12ರಷ್ಟು ಕಡಿಮೆಯಾದವು. ಆದರೆ ತಮಗೆ ಅಥವಾ ಮನೆಯಲ್ಲಿ ಯಾರಿಗಾದರೂ ತೀವ್ರ ಕಿಡ್ನಿ ಕಾಯಿಲೆ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ, ಏಕೆಂದರೆ ಮನೆಯವರೆಲ್ಲ ಒಂದೇ ಪಾತ್ರೆಯ ಸಾರು ಉಣ್ಣುತ್ತಾರೆ. 2025ರಲ್ಲಿ ಈ ಉಪ್ಪಿಗೆ ಒಲವು ತೋರಿಸಿದ ವಿಶ್ವ ಆರೋಗ್ಯ ಸಂಸ್ಥೆಯೂ ಕಿಡ್ನಿ ತೊಂದರೆ ಇರುವವರನ್ನು, ಗರ್ಭಿಣಿಯರನ್ನು, ಮಕ್ಕಳನ್ನು ಹೊರಗಿಟ್ಟೇ ಸಲಹೆ ಕೊಟ್ಟಿತು.

ನಿಮ್ಮ ತಂದೆಗೆ ಎರಡು ಅಪಾಯಗಳಿವೆ. ದೀರ್ಘಕಾಲದ ಸಕ್ಕರೆ ಕಾಯಿಲೆ ಸದ್ದಿಲ್ಲದೆ ಕಿಡ್ನಿ ಕೆಡಿಸಿರಬಹುದು. ಕೆಟ್ಟ ಕಿಡ್ನಿ ಪೊಟ್ಯಾಸಿಯಂ ಹೊರಹಾಕಲಾರದು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ಗಳೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ. ಅದು ಮಿತಿಮೀರಿದರೆ ಹೃದಯದ ಬಡಿತ ತಪ್ಪಿ ನಿಂತುಹೋಗಬಹುದು, ಎಷ್ಟೋ ಸಲ ಯಾವ ಮುನ್ಸೂಚನೆಯೂ ಇಲ್ಲದೆ. ಹಾಗೆಂದು ಹೆದರಿ ಮಾತ್ರೆ ಬಿಡಿಸಬೇಡಿ, ಅವರ ಕಿಡ್ನಿ ಕಾಯುವುದರಲ್ಲಿ ಆ ಮಾತ್ರೆಯ ಪಾಲೂ ಇದೆ. ಈ ವಾರವೇ ರಕ್ತದ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ, ವರದಿಯನ್ನು ಡಾಕ್ಟರಿಗೆ ತೋರಿಸಿ. ಅವರು ಒಪ್ಪುವ ತನಕ ಮಾಮೂಲಿ ಅಯೋಡಿನ್ ಉಪ್ಪನ್ನೇ ಕಡಿಮೆ ಬಳಸಿ.